ಎರಡು ಊರು, ಒಂದು ಅಪವಾದ

ಅರಸರ ಹೆಸರುಗಳನ್ನು ಒಪ್ಪಿಸಿದ ಮಾತ್ರಕ್ಕೆ ಕಾದಂಬರಿ ಐತಿಹಾಸಿಕವಾಗದು. ಗತಕಾಲದ ಒಂದು ಸಾಧಾರಣ ದಿನವನ್ನು ಅದು ನಮ್ಮ ಕಣ್ಣಮುಂದೆ ನಿಲ್ಲಿಸಬೇಕು. ಅಮೆರಿಕದ ಹಾಥಾರ್ನ್ 1850ರಲ್ಲಿ ಪ್ರಕಟಿಸಿದ ‘ದಿ ಸ್ಕಾರ್ಲೆಟ್ ಲೆಟರ್’ ಇದಕ್ಕೆ ಒಳ್ಳೆಯ ನಿದರ್ಶನ. ಹದಿನೇಳನೆಯ ಶತಮಾನದ ಬಾಸ್ಟನ್. ಇಂಗ್ಲೆಂಡಿನಿಂದ ವಲಸೆ ಬಂದ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಕ್ರೈಸ್ತರ ಊರು. ವ್ಯಭಿಚಾರದ ಗುರುತಾಗಿ ಎದೆಯ ಮೇಲೆ ಕೆಂಪಕ್ಷರ ಹೊತ್ತ ಹೆಸ್ಟರ್ ಕಸೂತಿ ಹಾಕಿ ಹೊಟ್ಟೆ ಹೊರೆಯುತ್ತಾಳೆ. ಗವರ್ನರನ ಉಡುಪಿಗೂ ಶವದ ಹೊದಿಕೆಗೂ ಅವಳ ಸೂಜಿ ಬೇಕು. ಮದುವಣಗಿತ್ತಿಯ ಮುಸುಕಿಗೆ ಮಾತ್ರ ಬೇಡ. ಆ ಸಮಾಜದ ಧರ್ಮವೆಲ್ಲ ಈ ಒಂದು ವಿವರದಲ್ಲಿ ಅಡಗಿದೆ.

ಗೋವಿನಕೋವಿಯ ಕಡೆಯವರಾದ ನಮಗೆ ಬಾಸ್ಟನ್ ದೂರ, ಬಿದನೂರು ಹತ್ತಿರ. ಮಾಸ್ತಿಯವರ ‘ಚನ್ನಬಸವನಾಯಕ’ದಲ್ಲಿಯೂ ಅಪವಾದಕ್ಕೆ ಗುರಿಯಾದ ಹೆಣ್ಣೊಬ್ಬಳಿದ್ದಾಳೆ: ಬಿದನೂರಿನ ರಾಣಿ ವೀರಮ್ಮಾಜಿ. ಮಾಸ್ತಿಯವರ ಸಂಯಮದ ಗದ್ಯ ಆಕೆಯನ್ನು ರಾಕ್ಷಸಿಯಾಗಿಸುವುದಿಲ್ಲ. ಅದು ದೊಡ್ಡ ಗುಣವೇ. ಆದರೆ ಹೆಸ್ಟರಳ ತಪ್ಪು ಅವಳ ಬಾಳಿಗೆ ಅಂಟಿದರೆ, ರಾಣಿಯ ತಪ್ಪಿಗೆ ರಾಜ್ಯದ ಪತನವೇ ತಳುಕು ಹಾಕಿಕೊಳ್ಳುತ್ತದೆ. 1763ರಲ್ಲಿ ಹೈದರಾಲಿಯನ್ನು ಬಿದನೂರಿಗೆ ಸೆಳೆದದ್ದು ಅದರ ಸಂಪತ್ತು ಮತ್ತು ಕರಾವಳಿಯ ದಾರಿ. ಪುಸ್ತಕ ಮುಚ್ಚುವ ಓದುಗನಾದರೋ ‘ಹೆಣ್ಣಿನಿಂದ ರಾಜ್ಯ ಕೆಟ್ಟಿತು’ ಎಂಬ ಸುಲಭದ ತೀರ್ಪಿಗೆ ಜಾರುವ ಅಪಾಯವಿದೆ.

ಅರಮನೆಯ ಹೊರಗೆ ಅಡಕೆ ಸುಲಿಯುವವಳು, ಎತ್ತಿನ ಮೇಲೆ ಮೆಣಸು ಹೇರುವವನು ರಾಣಿಯ ಕುರಿತು ಏನೆಂದುಕೊಂಡರು? ಅವರ ದಿನಚರಿ ಇನ್ನಷ್ಟು ಬಂದಿದ್ದರೆ, ಅಪವಾದ ಹೊರಿಸಿದವರ ಮುಖವೂ ನಮಗೆ ಕಾಣುತ್ತಿತ್ತು. ಹಾಥಾರ್ನ್ ಅಪರಾಧಿಯ ಜೊತೆಗೆ ನ್ಯಾಯ ಹೇಳುವ ಊರನ್ನೂ ಕಟಕಟೆಗೆ ಹತ್ತಿಸಿದ. ನಮ್ಮ ಐತಿಹಾಸಿಕ ಕಾದಂಬರಿಕಾರರು ಗಮನಿಸಬೇಕಾದದ್ದು ಇದನ್ನು.