ತೊಡೆಗೆ ಬಿದ್ದ ಏಟು

1974ರ ಅಕ್ಟೋಬರ್ 30ರಂದು ಕಿನ್ಶಾಸದಲ್ಲಿ ಮುಹಮ್ಮದ್ ಅಲಿ ಎಂಟನೇ ಸುತ್ತಿನಲ್ಲಿ ಜಾರ್ಜ್ ಫೋರ್‌ಮನ್‌ನನ್ನು ನೆಲಕ್ಕೆ ಕೆಡವಿದ. ಈ ಸಲ ಹಾಲ್ಕುರಿಕೆಗೆ ಹೋದಾಗ ಆ ಪಂದ್ಯವನ್ನು ಮೊಬೈಲಿನಲ್ಲಿ ನೋಡುತ್ತ ಕೂತಿದ್ದೆ. ಪಕ್ಕದಲ್ಲಿ ಅಜ್ಜಿ, ಅಟ್ಟದಿಂದ ಇಳಿಸಿದ ಕೊಬ್ಬರಿಯ ಕರಟ ಬಿಡಿಸುತ್ತಿದ್ದರು.

"ಎಲ್ಲಿಗೆ ಬೇಕಾದ್ರೂ ಹೊಡೀಬೋದೇನೆ?"

"ಇಲ್ಲ ಕಣಜ್ಜಿ, ಸೊಂಟದ ಕೆಳಗೆ ಹೊಡೆಯೋ ಹಂಗಿಲ್ಲ."

"ಹಂಗಾದ್ರೆ ನಮ್ಮ ಭೀಮ ಸೋತಂಗೇ ಬಿಡು."

ನನ್ನ ಸಂಶೋಧನೆ ನಡೆದಿರುವುದೇ ರನ್ನನ 'ಗದಾಯುದ್ಧ'ದ ಮೇಲೆ. ಅಜ್ಜಿ ಮುಟ್ಟಿದ್ದು ಆ ಕಾವ್ಯದ ನೋಯುವ ಜಾಗವನ್ನೇ. ಮುದುವೊಳಲಿನ ಬಳೆಗಾರ ಮನೆತನದ ರನ್ನ, ತನ್ನ ಒಡೆಯ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ಬರೆದ ಕಾವ್ಯ ಇದು. ಕೊನೆಯಲ್ಲಿ ಪಟ್ಟವೂ ಭೀಮನಿಗೇ. ಆದರೆ ಆ ಭೀಮ ಗೆದ್ದದ್ದು ತೊಡೆಗೆ ಹೊಡೆದು. ಗದಾಯುದ್ಧದಲ್ಲಿ ಹೊಕ್ಕುಳ ಕೆಳಗಿನ ಏಟು ನಿಷಿದ್ಧ. ವ್ಯಾಸಭಾರತದಲ್ಲಿ ಇಬ್ಬರಿಗೂ ಗುರುವಾಗಿದ್ದ ಬಲರಾಮ ಆ ಏಟನ್ನು ಕಂಡು ನೇಗಿಲೆತ್ತಿ ನಿಲ್ಲುತ್ತಾನೆ. ನಿಯಮ ಮುರಿದು ಗೆದ್ದವನನ್ನು ಕವಿ ಹೊಗಳುವುದು ಹೇಗೆ?

ಇದಕ್ಕೆ ನಮ್ಮಲ್ಲಿ ರೂಢಿಯಾದ ಉತ್ತರವೊಂದಿದೆ: ಪಟ್ಟ ಭೀಮನಿಗೆ, ಕವಿಯ ಹೃದಯ ದುರ್ಯೋಧನನಿಗೆ. ಅದಕ್ಕೆ ಆಧಾರವೂ ಇದೆ. ಸಂಜಯನೊಡನೆ ರಣರಂಗದಲ್ಲಿ ನಡೆಯುವ ದುರ್ಯೋಧನ ಕರ್ಣನ ಹೆಣದೆದುರು ಕುಸಿಯುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಹೆಣಕ್ಕೆ ಕೈಮುಗಿದು ಅಂಥದೇ ಸಾವನ್ನು ಬೇಡುತ್ತಾನೆ. ನಮ್ಮ ಪಕ್ಕದ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ 1926ರಲ್ಲಿ ರನ್ನನ ಪದ್ಯಗಳನ್ನೇ ಜೋಡಿಸಿ 'ಗದಾಯುದ್ಧ ನಾಟಕಂ' ಕಟ್ಟಿದಾಗ ಈ ದುರ್ಯೋಧನ ಗ್ರೀಕ್ ರುದ್ರನಾಟಕದ ನಾಯಕರ ಸಾಲಿಗೆ ಸೇರಿದ. ಎಂ.ಎ. ಪರೀಕ್ಷೆಯಲ್ಲಿ ನಾನೂ ಇದನ್ನೇ ಬರೆದು ಒಳ್ಳೆಯ ಅಂಕ ಪಡೆದಿದ್ದೆ.

ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಅಜ್ಜಿ ತಲೆಯೆತ್ತದೆ ಕೇಳಿದರು: "ಅವಳ ಸೀರೆಗೆ ಕೈ ಹಾಕಿದ ದಿನ ನಿನ್ನ ಸೊಂಟದ ಗೆರೆ ಎಲ್ಲಿತ್ತು?"

ಆ ರಾತ್ರಿ ಕಾವ್ಯವನ್ನು ಮತ್ತೆ ಮೊದಲಿಂದ ತೆರೆದೆ. ರನ್ನ ಕಥೆಯನ್ನು ಆರಂಭಿಸುವುದು ಕೊಳದ ದಡದಲ್ಲಿ ಅಲ್ಲ, ಭೀಮ-ದ್ರೌಪದಿಯರ ಸಂವಾದದಲ್ಲಿ. ಅಲ್ಲಿ ಅವಳು ಭೀಮನಿಗೆ ನೆನಪಿಸುವುದು ಇನ್ನೂ ತೀರದ ಪ್ರತಿಜ್ಞೆಯನ್ನು. ಸಭೆಯಲ್ಲಿ ದುರ್ಯೋಧನ ಅವಳಿಗೆ ತೋರಿಸಿದ್ದು ತೊಡೆ. ಭೀಮ ಮುರಿಯುತ್ತೇನೆಂದದ್ದೂ ಅದನ್ನೇ. ನಿಯಮ ಉಳಿಸಿದರೆ ಮಾತು ಮುರಿಯುತ್ತದೆ, ಮಾತು ಉಳಿಸಿದರೆ ನಿಯಮ. ಕಣದ ನಿಯಮ ಕಾಯುವುದು ಕಣದೊಳಗಿನ ಇಬ್ಬರನ್ನು. ದ್ರೌಪದಿ ಆ ಕಣದ ಹೊರಗಿದ್ದಾಳೆ; ತುಂಬಿದ ಸಭೆಯಲ್ಲಿ ಅವಳ ಪರವಾಗಿ ನೇಗಿಲೆತ್ತಿದವರು ಯಾರೂ ಇರಲಿಲ್ಲ.

ಹಾಗೆಂದು ರನ್ನನನ್ನು ದ್ರೌಪದಿಯ ವಕೀಲನನ್ನಾಗಿ ಮಾಡುವುದೂ ತಪ್ಪಾದೀತು. ಸಣ್ಣವನನ್ನು ಗೆದ್ದರೆ ಸತ್ಯಾಶ್ರಯನಿಗೆ ಹೆಚ್ಚುಗಾರಿಕೆಯಿಲ್ಲ. ಎದುರಾಳಿಯನ್ನು ಎತ್ತರಿಸುವುದು ಆಸ್ಥಾನಕವಿಗೆ ಅಗತ್ಯವೂ ಹೌದು. ಆದರೆ ಅಗತ್ಯಕ್ಕೆ ಎತ್ತರಿಸಿದವನನ್ನು ಅವನು ನಿಜವಾಗಿ ಪ್ರೀತಿಸಿಬಿಟ್ಟ. ಕರ್ಣನಿಗಾಗಿ ಅಳುವ ದುರ್ಯೋಧನ ದೊಡ್ಡವನೇ. ತೊಡೆ ತೋರಿಸಿದವನೂ ಅವನೇ. ಬಿಡಿ ಭಾಗಗಳನ್ನು ಓದಿದ ನನಗೆ ಮೊದಲನೆಯವನಷ್ಟೇ ಕಂಡಿದ್ದ. ಇಡಿಯಾಗಿ ಓದಿದರೆ, ಅನ್ಯಾಯದ ಏಟೊಂದು ನ್ಯಾಯವನ್ನೂ ಸಲ್ಲಿಸುವ ಇಕ್ಕಟ್ಟಿನಲ್ಲಿ ನಮ್ಮನ್ನು ನಿಲ್ಲಿಸಿ ರನ್ನ ಸುಮ್ಮನಾಗುತ್ತಾನೆ.

ನನ್ನ ಪ್ರಬಂಧದ ಮೂರನೇ ಅಧ್ಯಾಯಕ್ಕೆ 'ದುರಂತನಾಯಕ ದುರ್ಯೋಧನ' ಎಂಬ ಹೆಸರಿತ್ತು. ಅದನ್ನು ಹೊಡೆದುಹಾಕಿದ್ದೇನೆ. ಹೊಸ ಹೆಸರು ಇನ್ನೂ ಸಿಕ್ಕಿಲ್ಲ.