ಮಣೆ ಕೊಟ್ಟಿರಿ, ಕಾಯಿ ಎಲ್ಲಿ?

ಕೊಣನೂರು, ರಾಮನಾಥಪುರದ ಕಡೆ ಹಳೆಯ ತೊಟ್ಟಿಮನೆ ಕೆಡವುವಾಗ ಅಟ್ಟದಿಂದ ಅಳಗುಳಿಮಣೆಯೊಂದು ಇಳಿದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು: 'ನೂರು ವರ್ಷದ್ದು, ಸುಮ್ಮನೆ ಬಿಡಬೇಡಿ, ಮೈಸೂರಿನಲ್ಲಿ ಒಳ್ಳೇ ರೇಟಿದೆ.' ಮಣೆ ಒರೆಸಿ, ಎಣ್ಣೆ ಹಚ್ಚಿ, ನಡುಮನೆಗೆ ತರುತ್ತಾರೆ. ಜೊತೆಗಿದ್ದ ಬಟ್ಟೆಗಂಟಿನ ಹುಣಸೆಬೀಜ, ಕವಡೆ, ಬಳೆಚೂರು ತಿಪ್ಪೆಗೆ ಹೋಗುತ್ತವೆ. ಹಳೆಯದಾದಷ್ಟೂ ಬೆಲೆ, ಮರವೇ ಮುಖ್ಯ, ಕಾಯಿ ಕಸ ಎಂದು ನಂಬಿಕೊಂಡವರ ಕೆಲಸ ಇದು. ನಂಬಿಸಿದವರು ಹಳೇ ಸಾಮಾನಿನ ವ್ಯಾಪಾರಿಗಳು.

ಮೊದಲು ವಯಸ್ಸಿನ ವಿಚಾರ. ಅಮೆರಿಕದ ಪೋಕರ್ ಬಿಲ್ಲೆಗಳನ್ನು ಸಂಗ್ರಹಿಸುವವರಿಗೆ ಇದು ಹಳೆಯ ಪಾಠ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರಾಶಿರಾಶಿ ತಯಾರಾದ, ಯಾವ ಗುರುತೂ ಇಲ್ಲದ ಜೇಡಿಯ ಬಿಲ್ಲೆಗಳು ಇವತ್ತಿಗೂ ಅಗ್ಗ. ಐವತ್ತೋ ಅರವತ್ತೋ ವರ್ಷದ ಹಿಂದೆ ಬಾಗಿಲು ಹಾಕಿದ ಲಾಸ್ ವೇಗಸ್ಸಿನ ಯಾವುದೋ ಕ್ಯಾಸಿನೋದ ಒಂದೇ ಬಿಲ್ಲೆಗೆ ಜನ ಮುಗಿಬೀಳುತ್ತಾರೆ. ಎಲ್ಲಿಯದು, ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ ಎನ್ನುವುದರ ಮೇಲೆ ಬೆಲೆ. ನಮ್ಮ ಸೀಮೆಯಲ್ಲಿ ಅಳಗುಳಿಮಣೆ ಮನೆಮನೆಯ ಸಾಮಾನು. ಅಟ್ಟದಿಂದ ಇಳಿದದ್ದೆಲ್ಲ ಅಪರೂಪದ್ದಾಗಲಾರದು.

'ನೂರು ವರ್ಷ' ಎಂಬ ಹೊಗಳಿಕೆಯಲ್ಲಿ ಇನ್ನೊಂದು ತಮಾಷೆಯಿದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕರಕುಶಲ ವಸ್ತು ಪುರಾತನ ವಸ್ತುವೇ. ಅಂಥದ್ದನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಬಿಲ್ಲಿನಲ್ಲಿ ಆ ಮಾತನ್ನು ಬರೆದುಕೊಡಿ ಎಂದು ಕೇಳಿ ನೋಡಿ, ಮಣೆಗೆ ತಟ್ಟನೆ ನಲವತ್ತು ವರ್ಷ ಕಡಿಮೆಯಾಗುತ್ತದೆ. ಪಗಡೆಯ ದಾಳ 'ದಂತದ್ದು' ಎನ್ನುವವರ ಪಾಡೂ ಇದೇ. ನಿಜವಾದ ದಂತವಾದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರುವಂತೆಯೇ ಇಲ್ಲ; ಮಾರುವಂಥದ್ದಾದರೆ ಅದು ದಂತವಲ್ಲ. ಭೂತಗನ್ನಡಿ ಹಿಡಿದರೆ ಆನೆದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಕತ್ತರಿಸುವ ಬಾಗು ಗೆರೆಗಳು ಕಾಣುತ್ತವೆ, ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು. ಸಂತೆಯಲ್ಲಿ ಬರುವುದು ಬಹುಪಾಲು ಚುಕ್ಕೆಯ ಮಾಲು.

ಮರವನ್ನೂ ನಂಬುವ ಹಾಗಿಲ್ಲ. ಕಪ್ಪು ಪಾಲಿಶ್ ಹೊಡೆದು, ತುದಿಗೆ ಮೀನಿನ ತಲೆ ಕೆತ್ತಿ, ಹಿತ್ತಾಳೆ ಹೂವು ಕೂರಿಸಿದ ಮಣೆ ನಿನ್ನೆ ಮೊನ್ನೆಯದೂ ಆಗಿರಬಹುದು. ಆಡಿದ ಮಣೆಯ ಸವೆತ ಒಂದೇ ಸಮ ಇರುವುದಿಲ್ಲ. ಬೆರಳು ಬಾಚುವ ಕಡೆ ಗುಳಿಯ ಅಂಚು ನುಣುಪಾಗಿ, ಎದುರಿನ ಅಂಚು ಒರಟಾಗಿ ಉಳಿದಿರುತ್ತದೆ. ಕೈ ತಾಕದ ಅಡಿಭಾಗವೂ ಗುಳಿಯಷ್ಟೇ ಕಪ್ಪಾಗಿದ್ದರೆ ಅನುಮಾನಿಸಬೇಕು. ಕೀಲಿನಲ್ಲಿ ಪ್ಲಸ್ ತಲೆಯ ಸ್ಕ್ರೂ ಕಂಡರೆ ಕೀಲು ಈಚಿನದು, ಮಣೆ ಹಳೆಯದಿರಬಹುದು. ಕಿತ್ತುಹೋದ ಕೀಲನ್ನು ಮನೆಯವರು ಸರಿಮಾಡಿಸಿಯೇ ಆಡುತ್ತಿದ್ದರು. ನನ್ನ ಮಟ್ಟಿಗೆ ಅಂಥ ರಿಪೇರಿ ಕುಂದಲ್ಲ.

ಇನ್ನು ಕಾಯಿ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಯ ಮಣೆಯನ್ನು ಕೀಲಿನಲ್ಲಿ ಮಡಿಸಿದರೆ ಗುಳಿಯ ಮೇಲೆ ಗುಳಿ ಕೂತು ಕಾಯಿ ಒಳಗೇ ಉಳಿಯುತ್ತದೆ. ಮಾಡಿದ ಬಡಗಿ ಆಟದ ಹಾಸನ್ನೂ ಪೆಟ್ಟಿಗೆಯನ್ನೂ ಒಂದೇ ಹಲಗೆಯಲ್ಲಿ ಮುಗಿಸಿದ್ದಾನೆ. ಅದರೊಳಗಿನದ್ದನ್ನು ಚೆಲ್ಲಿ ಮಣೆಯನ್ನು ಗೋಡೆಗೆ ನೇತುಹಾಕುವುದು ಅರ್ಧ ವಸ್ತುವನ್ನು ಬಿಸಾಡಿದಂತೆ. ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿಮಾಡಿದ ಹುಣಸೆಬೀಜ ಗಂಟಿನಲ್ಲಿದ್ದರೆ ಆ ಮನೆಯಲ್ಲಿ ಚೌಕಾಬಾರವೂ ನಡೆಯುತ್ತಿತ್ತು ಎಂದು ತಿಳಿಯುತ್ತದೆ. ಬಳೆಚೂರಿನ ಬಣ್ಣ ನೋಡಿ ಯಾರ ಕೈಯ ಬಳೆ ಎಂದು ಹೇಳುವ ಅಜ್ಜಿ ಇನ್ನೂ ಇದ್ದರೆ ಬರೆದಿಟ್ಟುಕೊಳ್ಳಿ. ಮಣೆಯ ಪೂರ್ವೋತ್ತರ ಹೇಳುವ ದಾಖಲೆ ಬೇರೆಲ್ಲೂ ಸಿಗದು.

ಬೀಜಕ್ಕೆ ಯಾರು ಕಾಸು ಕೊಡುತ್ತಾರೆ ಎಂಬುದು ನ್ಯಾಯವಾದ ಆಕ್ಷೇಪ. ಬಿಡಿಯಾಗಿ ಯಾರೂ ಕೊಡುವುದಿಲ್ಲ. ಆದರೆ ಇಸ್ಪೀಟಿನಂಥ ಎಲೆಯಾಟ, ಮೈಸೂರಿನ ಗಂಜೀಫಾ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರು 36ರಿಂದ 360 ಎಲೆಗಳವರೆಗಿನ ಆಟಗಳನ್ನು ಕಟ್ಟಿದರು. ದಶಾವತಾರ ಗಂಜೀಫಾಕ್ಕೆ 120 ಎಲೆ, ಜೊತೆಗೆ ಜಾರುಮುಚ್ಚಳದ ಬಣ್ಣದ ಪೆಟ್ಟಿಗೆ. ಅದರಲ್ಲಿ ನಾಲ್ಕು ಎಲೆ ತೆಗೆದು ಫ್ರೇಮು ಹಾಕಿಸಿದರೆ ಚಿತ್ರ ಸಿಗುತ್ತದೆ, ಆಟ ಹೋಗುತ್ತದೆ. ತಿಳಿದ ಸಂಗ್ರಾಹಕ ಪೂರ್ತಿ ಕಟ್ಟನ್ನೇ ಹುಡುಕುತ್ತಾನೆ, ಪೆಟ್ಟಿಗೆ ಸಮೇತ. ಅರಮನೆಯ ಎಲೆಗೆ ಒಪ್ಪುವ ಲೆಕ್ಕ ನಮ್ಮ ಹೊಗೆಸೊಪ್ಪಿನ ಸೀಮೆಯ ರೈತರ ಮಣೆಗೆ ಯಾಕೆ ಒಪ್ಪಬಾರದು?

ಹಾಗೆಂದು ಕೊಣನೂರಿನ ಸಾದಾ ಮಣೆಗೆ ಕಾಯಿ ಸೇರಿದೊಡನೆ ಲಕ್ಷ ಬರುವುದಿಲ್ಲ. ಆ ಆಸೆ ಹುಟ್ಟಿಸುವವರಿಂದಲೂ ದೂರವಿರಿ. ಮಾರುವುದೇ ಆದರೆ ಮಡಿಸಿ, ಬೀಜ ತುಂಬಿ, ದಾರ ಕಟ್ಟಿ ಕೊಡಿ. 'ಬೀಜ ಬೇಡ, ಮಣೆ ಮಾತ್ರ ಸಾಕು' ಎಂದ ಗಿರಾಕಿಗೆ ಬೇಕಿರುವುದು ಹೋಟೆಲಿನ ಗೋಡೆಗೊಂದು ಹಲಗೆ. ಅವನಿಗೆ ಹಲಗೆಯ ರೇಟೇ ಹೇಳಬಹುದು, ಅಥವಾ ಕೊಡದೆಯೂ ಇರಬಹುದು.