ದಾಖಲೆಯ ಹಿಂದಿನ ದಾಖಲೆ: ಡೇಟಾಬೇಸ್ ಸರ್ವರಿನ ಲಾಗ್ ಕಡತಗಳ ವಿಮರ್ಶೆ

ಆನಂದಪುರವು ಕೆಳದಿ ಅರಸರ ಆಳ್ವಿಕೆಗೆ ಸೇರಿದ್ದ ಊರು. ಆ ವಂಶದ ಶಿವಪ್ಪ ನಾಯಕನ (1645–1660) ‘ಶಿಸ್ತು’ ಎಂಬ ಭೂಕಂದಾಯದ ವ್ಯವಸ್ಥೆ ಪ್ರಸಿದ್ಧವಾದುದು. ಒಂದೊಂದು ಬಗೆಯ ನೆಲಕ್ಕೆ ಒಂದೊಂದು ಹೊಲವನ್ನಾರಿಸಿ, ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬೀಜ, ಬೆಳೆ, ಬೆಲೆಗಳ ಲೆಕ್ಕವಿಡಿಸಿ, ಆಮೇಲೆ ದರವನ್ನು ಗೊತ್ತುಮಾಡಿದನೆಂದು ಪರಂಪರೆ ಹೇಳುತ್ತದೆ. ದರವು ಒಂದು ಅಂಕಿ ಮಾತ್ರ. ಅದಕ್ಕೆ ಗೌರವವನ್ನು ತಂದುಕೊಟ್ಟುದು ಅದರ ಹಿಂದಿದ್ದ ಲೆಕ್ಕ.

ಇಂದು ಅದೇ ನೆಲದ ಪಹಣಿ ‘ಭೂಮಿ’ ಯೋಜನೆಯ ಗಣಕದಲ್ಲಿದೆ. ಖಾತೆಯ ಬದಲಾವಣೆಗೆ ಯಾರು ಹೊಣೆಯೆಂಬುದು ತಿಳಿಯಲೆಂದು ಅಧಿಕಾರಿಯ ಬೆರಳ ಗುರುತನ್ನು ಪಡೆಯುವ ಕ್ರಮವನ್ನು ಆ ಯೋಜನೆ ಮೊದಲಲ್ಲೇ ತಂದಿತು. ಅದರ ಒಳರಚನೆಯ ಪರೀಕ್ಷೆ ಪ್ರಕೃತ ವಿಷಯವಲ್ಲ. ಇಂಥ ದಾಖಲೆಗಳನ್ನು ಹೊರಬಲ್ಲ ಸರ್ವರುಗಳು ತಮ್ಮ ಲಾಗ್ ಕಡತಗಳನ್ನು ಹೇಗಿಡುತ್ತವೆಂಬುದು ಮಾತ್ರ ಇಲ್ಲಿ ವಿಚಾರಣೀಯ.

ಲಾಗುಗಳಲ್ಲಿ ಎರಡು ಬಗೆಯನ್ನು ಬೇರ್ಪಡಿಸಬೇಕು. ಬದಲಾವಣೆಯನ್ನು ಕೋಷ್ಟಕಕ್ಕೆ ಇಳಿಸುವ ಮೊದಲು ಬರೆಯುವ ವ್ಯವಹಾರ ಲಾಗು ಒಂದು. ವಿದ್ಯುತ್ತು ಹೋದಾಗ ದತ್ತಾಂಶವನ್ನು ಸರಿಪಡಿಸಿಕೊಳ್ಳುವುದು ಅದರಿಂದ. ಯಾರು, ಯಾವಾಗ, ಏನು ಮಾಡಿದರೆಂದು ಮನುಷ್ಯನು ಓದಲೆಂದು ಬರೆಯುವ ಲಾಗು ಮತ್ತೊಂದು. ಮೊದಲನೆಯದಿಲ್ಲದೆ ಯಂತ್ರ ನಡೆಯದು, ಎರಡನೆಯದಿಲ್ಲದೆಯೂ ನಡೆಯುತ್ತದೆ. ಉಪೇಕ್ಷೆಗೆ ಕಾರಣ ಇದೇ.

ಪೋಸ್ಟ್‌ಗ್ರೆಸ್ ಸರ್ವರನ್ನೇ ನೋಡಬಹುದು. ಸ್ಥಾಪಿಸಿದಂತೆಯೇ ಬಿಟ್ಟರೆ, ಬಳಕೆದಾರರು ಕೊಟ್ಟ ಆಜ್ಞೆಗಳನ್ನು ಅದು ಸಾಮಾನ್ಯವಾಗಿ ಬರೆದಿಡುವುದಿಲ್ಲ. ಬರೆಯುವ ಸಾಲುಗಳ ತಲೆಯಲ್ಲಿ ಕಾಲವೂ ಪ್ರಕ್ರಿಯೆಯ ಸಂಖ್ಯೆಯೂ ಇರುತ್ತವೆ, ಬಳಕೆದಾರನ ಹೆಸರಿರದು. ಕರ್ತೃವಿಲ್ಲದ ಶಾಸನವನ್ನು ಕಂಡವರಿಗೆ ಈ ಕೊರತೆಯ ತೂಕ ತಿಳಿಯುತ್ತದೆ. ಕಡತಕ್ಕೆ ವಾರದ ದಿನದ ಹೆಸರನ್ನಿಟ್ಟು, ಹಳೆಯದರ ಮೇಲೆಯೇ ಬರೆಯುವಂತೆ ಏರ್ಪಡಿಸಿದರೆ, ಈ ಸೋಮವಾರವು ಹಿಂದಿನ ಸೋಮವಾರವನ್ನು ಅಳಿಸಿಬಿಡುತ್ತದೆ. ಮೈಎಸ್‌ಕ್ಯೂಎಲ್ 8.0ರಲ್ಲಿ ಬದಲಾವಣೆಗಳ ಬೈನರಿ ಲಾಗಿಗೆ ಗೊತ್ತಾದ ಆಯುಷ್ಯ 30 ದಿನ. ಭೂವ್ಯಾಜ್ಯಗಳಾದರೋ ತಲೆಮಾರುಗಳವರೆಗೆ ನಡೆಯುತ್ತವೆ.

ಎಲ್ಲವನ್ನೂ ಶಾಶ್ವತವಾಗಿ ಇಡಬೇಕೆಂಬುದು ನಮ್ಮ ವಾದವಲ್ಲ. ಲಾಗು ಬೆಳೆದು ಡಿಸ್ಕು ತುಂಬಿದರೆ ಸರ್ವರೇ ನಿಂತೀತು. ಆದುದರಿಂದ ಗಾತ್ರಕ್ಕೂ ಅವಧಿಗೂ ಮಿತಿ ಬೇಕು. ಆದರೆ ತಿದ್ದುಪಡಿಗಳನ್ನು ಹೆಸರು, ವೇಳೆಗಳೊಡನೆ ಬರೆಯಿಸಬೇಕು. ಲಾಗನ್ನು ದತ್ತಾಂಶದಿಂದ ಬೇರೆ ಡಿಸ್ಕಿನಲ್ಲಿ ಇಡಬೇಕು. ಅಳಿಸುವ ಮೊದಲು ಪ್ರತಿಯೊಂದನ್ನು ಬೇರೆ ಯಂತ್ರಕ್ಕೆ ಸಾಗಿಸಬೇಕು. ದಾಖಲೆಯನ್ನು ತಿದ್ದಬಲ್ಲವನಿಗೆ ಆ ಪ್ರತಿಯನ್ನು ಅಳಿಸುವ ಅಧಿಕಾರವಿರಬಾರದು. ಎಲ್ಲ ಗುಮಾಸ್ತರೂ ಒಂದೇ ಹೆಸರಿನಿಂದ ಪ್ರವೇಶಿಸುವಲ್ಲಿ ಈ ಎಚ್ಚರವೆಲ್ಲ ನಿಷ್ಫಲವೆಂಬುದನ್ನೂ ಮರೆಯಲಾಗದು.

ಎಷ್ಟು ಕಾಲ ಇಡಬೇಕೆಂಬುದನ್ನು ಇಂದು ಬಹುಮಟ್ಟಿಗೆ ಡಿಸ್ಕಿನ ಗಾತ್ರವೇ ನಿರ್ಣಯಿಸುತ್ತಿದೆ. ಅದನ್ನು ನಿರ್ಣಯಿಸಬೇಕಾದುದು ದಾಖಲೆಯ ಸ್ವರೂಪ. ಪಹಣಿಯಲ್ಲಿ ತನ್ನ ಹೆಸರು ಕಾಣದ ರೈತನು ಕೇಳುವ ಪ್ರಶ್ನೆ ಒಂದೇ: ಇದನ್ನು ತೆಗೆದವರು ಯಾರು, ಎಂದು? ಉತ್ತರವಿರುವುದು ಲಾಗಿನಲ್ಲಿ. ಅದು ಅಳಿದರೆ ಪಹಣಿ ಉಳಿದೀತು, ಪ್ರಮಾಣ ಉಳಿಯದು.